ಖಾನಾವಳಿ ಸಪ್ಪೆಯಾದ ವಾರ

ನಮ್ಮೂರಲ್ಲಿ ಸಾರು ಸಪ್ಪೆಯಾದರೆ ಯಾರೂ ಉಪ್ಪಿನ ಡಬ್ಬಿಗೆ ಕೈ ಹಾಕುವುದಿಲ್ಲ. ಮೊದಲು ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಯಾರು ಯಾರನ್ನ ಏನ್ ಕೇಳಿ ಬಂದೀರಿ?" ಎಂಬ ವಿಚಾರಣೆ ತಾಟಿನ ಮುಂದೆಯೇ ಶುರುವಾಗುತ್ತದೆ. ಮನೆಯವರಲ್ಲಿ ಯಾರೋ ಒಬ್ಬರು ಎಲ್ಲೋ ಮನಸ್ಸಿಟ್ಟು ಒಂದು ಪ್ರಶ್ನೆ ಕೇಳಿದ್ದಾರೆ, ಅದಕ್ಕೆ ಉತ್ತರ ಬಂದಿಲ್ಲ. ಬರುವವರೆಗೆ ಆ ಮನೆಯ ಒಲೆಯ ಮೇಲೆ ಬೆಂದದ್ದಕ್ಕೆ ಉಪ್ಪು ಹತ್ತುವುದಿಲ್ಲ, ಬೊಗಸೆಗಟ್ಟಲೆ ಸುರಿದರೂ ಅಷ್ಟೇ. "ಊಟ ಆತೇನು", "ಆರಾಮೇನು" ಎಂಬಂಥವು ಲೆಕ್ಕಕ್ಕಿಲ್ಲ. ಕೇಳಿದವರಿಗೆ ಉತ್ತರ ಬೇಕೇ ಬೇಕಾಗಿರಬೇಕು. ಹೇಳಿದವರೂ ಮನಸ್ಸಿನಲ್ಲಿದ್ದುದನ್ನೇ ಹೇಳಿರಬೇಕು. "ನನಗ ಗೊತ್ತಿಲ್ಲ" ಎಂದು ನಿಜವಾಗಿ ಹೇಳಿದರೂ ಉಪ್ಪು ಮರಳುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತಿಗೆ ಮರಳುವುದಿಲ್ಲ.

ಇದಕ್ಕೆ ಹೊಂದಿಕೊಂಡೇ ನಾವು ಬದುಕಿದ್ದೇವೆ. ಶಾಲೆಯ ಮಾಸ್ತರರು ಕೊನೆಯ ಗಂಟೆ ಹೊಡೆಯುವ ಮುಂಚೆ ಮಕ್ಕಳ ಎಲ್ಲ ಪ್ರಶ್ನೆಗಳನ್ನೂ ಮುಗಿಸಿ ಕಳಿಸುತ್ತಾರೆ, ಇಲ್ಲವಾದರೆ ತಾಯಂದಿರು ಸೌಟು ಹಿಡಿದೇ ಬರುತ್ತಾರೆ. ಕಚೇರಿಗೆ ಅರ್ಜಿ ಹಾಕುವವರು ಮೊದಲು ತಂಗಿಯ ಮನೆಯಲ್ಲಿ ಊಟಕ್ಕೆ ಹೇಳಿಟ್ಟು ಆಮೇಲೆ ಹೋಗುತ್ತಾರೆ. ಹೆಣ್ಣು ನೋಡಲು ಬಂದವರು "ಆಮ್ಯಾಲೆ ತಿಳಸ್ತೀವಿ" ಎಂದು ಎದ್ದರೋ, ಅಂದಿನಿಂದ ಹುಡುಗಿಯ ಮನೆಯಲ್ಲಿ ಬರೀ ಬೆಲ್ಲದ ಅಡುಗೆ. ಹುಗ್ಗಿಯ ವಾಸನೆ ಮೂರು ದಿನ ಬಿಡದೆ ಬಂದರೆ ಓಣಿಯವರೆಲ್ಲ ಗಂಡಿನ ಕಡೆಯವರಿಗೆ ಶಾಪ ಹಾಕುತ್ತಾರೆ.

ಇಂಥ ಊರಿನಲ್ಲಿ ನಾನು ಲೇಖನ ಬರೆಯುವವಳು. ಹೆಸರು ಇಂದುಮತಿ. 'ಊರಗನ್ನಡಿ' ಎಂಬ ಜಾಲಪುಟಕ್ಕೆ ಮನೆವಾರ್ತೆಯ ಅಂಕಣ ಬರೆಯುತ್ತಿದ್ದೆ. ಬಿಳಿ ಬಟ್ಟೆಯ ಅರಿಶಿಣದ ಕಲೆ, ಬೇಳೆಗೆ ಬೀಳುವ ಹುಳ, ಬಾಯಿ ಸೀಳುವ ಉಪ್ಪಿನಕಾಯಿ ಭರಣಿ, ಹೀಗೆ. ಓಣಿ ಓಣಿ ತಿರುಗಿ ಬಲ್ಲವರನ್ನು ಕೇಳಿ ಬರೆಯುತ್ತೇನೆಯೇ ಹೊರತು ನನಗೆ ಅಡುಗೆ ಬರುವುದಿಲ್ಲ. ಅಡುಗೆಯ ಬಗ್ಗೆ ಬರೆಯುವವಳಿಗೆ ಅಡುಗೆ ಬರಲೇಬೇಕೆಂದು ಯಾವ ಕಾನೂನೂ ಇಲ್ಲ. ಒಬ್ಬಂಟಿ ಹೆಂಗಸು, ಮಧ್ಯಾಹ್ನದ ಊಟಕ್ಕೆ ನೀಲಗಂಗವ್ವನ ಖಾನಾವಳಿ ಇದ್ದೇ ಇತ್ತು.

ಲೇಖನ ಬರೆಯುವುದೇನು ಮಹಾ, ಕೆಳಗೆ ಬರುವ ಪ್ರಶ್ನೆಗಳಿಗೆ ಉತ್ತರ ಕೊಡುವುದೇ ನನ್ನ ನಿಜವಾದ ಕೆಲಸ ಎಂದು ನಾನು ನಂಬಿದ್ದೆ. ಬೆಳಿಗ್ಗೆ ಎದ್ದು ಚಹಾ ಇಡುವ ಮೊದಲು ಪ್ರಶ್ನೆಗಳನ್ನು ತೆಗೆಯುತ್ತಿದ್ದೆ. ಊರಿನ ಒಲೆಗಳು ಹತ್ತುವಷ್ಟರಲ್ಲಿ ಎಲ್ಲದಕ್ಕೂ ಉತ್ತರ ಹೋಗಿರಬೇಕು. ಕೆಲವರು ತಿಳಿಯದೆ ಕೇಳುತ್ತಿದ್ದರು, ಕೆಲವರು ನನಗೆ ತಿಳಿದಿದೆಯೋ ಇಲ್ಲವೋ ಎಂದು ಕೇಳುತ್ತಿದ್ದರು, ಒಬ್ಬಾತ ಯಾವ ಲೇಖನ ಹಾಕಿದರೂ ಕೆಳಗೆ "ಇದಕ್ಕೆ ಆಧಾರವೇನು?" ಎಂದು ಹಾಕುತ್ತಿದ್ದ. ಅವನಿಗೂ ಉತ್ತರ ಕೊಡುತ್ತಿದ್ದೆ. ಅವನ ಮನೆಯಲ್ಲೂ ಹೆಂಡತಿ ಮಕ್ಕಳು ಉಣ್ಣಬೇಕಲ್ಲ. ಹೆಸರು ಹಾಕದೆ ಕೇಳುವವರೂ ಇದ್ದರು. ಹೆಸರಿಲ್ಲದೆ ಕೇಳಿದವರ ಮುಸುಕಿಗೆ ಕೈ ಹಾಕಬಾರದು ಎಂಬುದು ನಮ್ಮೂರಿನಲ್ಲಿ ಹಿರಿಯರಿಂದ ಬಂದ ನಡೆ. ಯಾರೆಂದು ಗೊತ್ತಾದರೂ ಗೊತ್ತಿಲ್ಲದಂತೆ ಇರಬೇಕು.

ಜಾಲಪುಟದ ಒಡೆಯ ಗುರುಪಾದ ಮೆಣಸಿನಕಾಯಿ. ಅಡ್ಡಹೆಸರಿನ ಖಾರ ಮನುಷ್ಯನಲ್ಲಿಲ್ಲ, ಸಕ್ಕರೆ ಬೆರೆಸಿದಂತೆ ಮಾತಾಡಿಯೇ ಕತ್ತು ಹಿಡಿಯುವವನು. ಅವನ ಮನೆಯ ಅಡುಗೆ ಒಂದು ದಿನವೂ ಸಪ್ಪೆಯಾಗಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಆಗುವುದು ಹೇಗೆ? ಅವನು ಯಾರನ್ನೂ ಏನನ್ನೂ ಮನಸ್ಸಿಟ್ಟು ಕೇಳಿದವನೇ ಅಲ್ಲ. ಹೇಳುವುದಷ್ಟೇ ಗೊತ್ತು. ಒಂದು ದಿನ ಬರೆಯುವವರನ್ನೆಲ್ಲ ಕರೆದು ಹೊಸ ನೇಮ ಹೇಳಿದ: ಇನ್ನು ಮುಂದೆ ಓದುಗರ ಪ್ರಶ್ನೆಗಳಿಗೆ ಮೂರು ದಿನ ಉತ್ತರ ಕೊಡಬಾರದು.

"ಕೊಡಬ್ಯಾಡ್ರಿ ಅಂದಿಲ್ಲ ನಾ," ಎಂದ, ನನ್ನ ಮುಖ ಕೆಂಪಾದದ್ದು ನೋಡಿ. "ಮೂರು ದಿನ ತಡೀರಿ ಅಂದೀನಿ, ಅಷ್ಟ. ಸಪ್ಪೆ ಉಂಡ ಮನಷ್ಯಾ ಏನ್ ಮಾಡ್ತಾನ, ಹೇಳ್ರಿ ಇಂದುಮತಿಯವರ? ತುತ್ತಿಗೊಮ್ಮೆ ಮೊಬೈಲ್ ತಗದು ಉತ್ತರ ಬಂತೋ ಇಲ್ಲೋ ಅಂತ ನಮ್ಮ ಪುಟ ನೋಡ್ತಾನ. ಅಂವ ನೋಡಿದಷ್ಟೂ ನಮಗ ಜಾಹೀರಾತು."

"ಮಂದಿ ಬಾಯಿ ಸಪ್ಪೆ ಮಾಡಿ ನೀವು ಉಪ್ಪುಂಡ್ರ ನಿಮಗ ದಕ್ಕತೈತೇನ್ರಿ?" ಎಂದೆ. ಅವನು ನಕ್ಕ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಉಳಿದವರು ತಲೆ ತಗ್ಗಿಸಿ ಕೂತಿದ್ದರು. ಅಂದು ನಾನೂ ಬೈದುಕೊಂಡೇ ಮನೆಗೆ ಬಂದೆ, ಆದರೆ ಬಿಟ್ಟು ಬರಲಿಲ್ಲ. ನನ್ನ ಹೊಟ್ಟೆಪಾಡೂ ಅದರಲ್ಲೇ ಇತ್ತಲ್ಲ.

ಅದೇ ವಾರ ಕಬ್ಬಿಣದ ಹಂಚು ಪಳಗಿಸುವುದರ ಬಗ್ಗೆ ಬರೆದಿದ್ದೆ. ಎಣ್ಣೆ ಎಷ್ಟು, ಈರುಳ್ಳಿ ಹೇಗೆ ಉಜ್ಜಬೇಕು, ಮೊದಲ ರೊಟ್ಟಿ ಯಾಕೆ ಹಂಚಿಗೆ ಹಿಡಿಯುತ್ತದೆ ಎಂಬುದೆಲ್ಲ. ಅದರ ಕೆಳಗೆ ಈ ಪ್ರಶ್ನೆ ಬಂತು:

"ಅಕ್ಕಾರ, ಹಂಚು ಪಳಗಸೂದು ನಂಗ ಗೊತ್ತೈತ್ರಿ. ಮೂವತ್ತು ವರ್ಷ ಆತು, ಮಂದಿಗೆ ಉಣ್ಣಾಕ ಹಾಕಾಕತ್ತೀನಿ. ಎಲ್ಲಾರ ತಾಟು ನೋಡ್ತೀನಿ, ಒಬ್ಬರ ಮಾರಿನೂ ನೆನಪಿಲ್ಲ. ನನ್ನ ಬಾಯಿಗೆ ಏನ್ ಸೇರತೈತಿ ಅನ್ನೂದೂ ಮರತೈತಿ. ಸಾಲ ಇಲ್ಲ, ಜಡ್ಡಿಲ್ಲ, ಕೈಕಾಲು ಗಟ್ಟಿ ಅದಾವು. ಆದ್ರೂ ಸಾಕಾಗೈತಿ. ಒಲಿ ಆರಿಸಿ ಸುಮ್ಮ ಕುಂದರಲೇನ್ರಿ? ತಪ್ಪಾಗತೈತೇನ್ರಿ? ಹೆಸರು ಬ್ಯಾಡ್ರಿ."

ಓದಿದ ಕೂಡಲೇ ಉತ್ತರ ನನ್ನ ಬೆರಳ ತುದಿಗೆ ಬಂತು. ಆರಿಸು ತಾಯಿ, ಯಾರನ್ನು ಕೇಳುತ್ತೀ? ಎರಡು ಅಕ್ಷರ ಒತ್ತಿದೆ, ಮೂರು ದಿನದ ನೇಮ ನೆನಪಾಗಿ ನಿಲ್ಲಿಸಿದೆ. ನಿಲ್ಲಿಸಿದ್ದಕ್ಕೆ ನನಗೇ ನಾಚಿಕೆಯಾಯಿತು. ಸಂಜೆ ನೋಡಿದರೆ ಆ ಪ್ರಶ್ನೆಯ ಕೆಳಗೆ ಜಾತ್ರೆಯೇ ನೆರೆದಿತ್ತು. ಒಬ್ಬರು ಆರಿಸಬೇಡಿ ಎನ್ನುತ್ತಾರೆ, ಇನ್ನೊಬ್ಬರು ಅನ್ನಪೂರ್ಣೆ ಎನ್ನುತ್ತಾರೆ, ಮತ್ತೊಬ್ಬರು ಹೆಣ್ಣಾದವಳಿಗೆ ಒಲೆಯೇ ದೇವರು ಎಂದು ಬುದ್ಧಿ ಹೇಳುತ್ತಾರೆ. ಹಾಗೆ ಬರೆದವರಲ್ಲಿ ಗಂಡಸರೇ ಹೆಚ್ಚು.

ಮರುದಿನ ಮಧ್ಯಾಹ್ನ ಖಾನಾವಳಿಗೆ ಹೋದೆ. ಬಿಸಿ ರೊಟ್ಟಿ ಬಂತು, ಎಣ್ಣೆಗಾಯಿ ಬಂತು, ಶೇಂಗಾ ಚಟ್ನಿ ಬಂತು. ಬಾಯಿಗಿಟ್ಟರೆ ಮಣ್ಣು ತಿಂದಂತೆ. ಸಾಲಿನಲ್ಲಿ ಕೂತವರೆಲ್ಲ ತುತ್ತನ್ನು ತಾಟಿಗೇ ಮರಳಿ ಇಟ್ಟರು. ಬಸ್ ಕಂಡಕ್ಟರ್ ಕಲ್ಮೇಶಿ, ದಿನವೂ ನನ್ನ ಎದುರಿಗೇ ಕೂರುವವನು, ಗಟ್ಟಿಯಾಗಿ ಕೂಗಿದ. "ಯಾಕವ್ವಾ ನೀಲಗಂಗವ್ವ, ನಿಮ್ಮನ್ಯಾಗ ಯಾರು ಏನ್ ಕೇಳ್ಯಾರ? ಲಗೂನ ಉತ್ತರ ತರಸಬೇ!"

"ಯಾರಿಗ್ ಗೊತ್ತಪಾ," ಎಂದಳು ನೀಲಗಂಗವ್ವ, ಕಣ್ಣು ಅವನ ತಾಟಿನ ಮೇಲಿಟ್ಟೇ. "ಪಲ್ಯ ಹಾಕಲಿ?"

ಎಲ್ಲರೂ ಬಡಿಸುತ್ತಿದ್ದ ಸೊಸೆ ಕಾಶವ್ವನ ಕಡೆ ನೋಡಿದರು. ಸಪ್ಪೆಯಾದ ಮನೆಯಲ್ಲಿ ಮೊದಲು ಸಿಕ್ಕಿಬೀಳುವುದು ಸೊಸೆಯೇ. "ತವರಿಗೆ ಏನಾರ ಕೇಳಿ ಕಳಿಸಿಯೇನಬೇ?" ಎಂದು ಒಬ್ಬ, "ಗಂಡನ್ನ ಏನ್ ಕೇಳಿದಿ?" ಎಂದು ಇನ್ನೊಬ್ಬ. ಕಾಶವ್ವ ತುಟಿ ಕಚ್ಚಿಕೊಂಡು ಬಡಿಸಿದಳು. ನಾನು ಮಾತ್ರ ನೀಲಗಂಗವ್ವನನ್ನು ನೋಡುತ್ತಿದ್ದೆ. ಅವಳು ಸಾಲಿನ ಈ ತುದಿಯಿಂದ ಆ ತುದಿಗೆ ಹೋದಳು, ಬಂದಳು. ಒಂದು ಸಲವೂ ಯಾರ ಮುಖವನ್ನೂ ನೋಡಲಿಲ್ಲ, ನೋಡಿದ್ದೆಲ್ಲ ತಾಟುಗಳನ್ನೇ. ನನ್ನ ಕೈಯಲ್ಲಿದ್ದ ರೊಟ್ಟಿ ತುಣುಕು ಕೈಯಲ್ಲೇ ಉಳಿಯಿತು.

ಸುಳ್ಳು ಯಾಕೆ ಹೇಳಲಿ, ಆ ಕ್ಷಣ ಉತ್ತರ ನನ್ನ ಗಂಟಲಲ್ಲಿ ಹಿಂದಕ್ಕೆ ಇಳಿಯಿತು. ಯಾವಳೋ ಗೊತ್ತಿಲ್ಲದ ಹೆಂಗಸಿಗೆ "ಆರಿಸು" ಎನ್ನುವುದು ಸುಲಭ. ನನ್ನ ಮಧ್ಯಾಹ್ನದ ರೊಟ್ಟಿ ಸುಡುವ ಒಲೆಯನ್ನೇ ಆರಿಸು ಎನ್ನಲು ಎದೆ ಬೇಕು. ಆ ಒಲೆ ಆರಿದರೆ ನಾನು ಉಣ್ಣುವುದೆಲ್ಲಿ? ಮನೆಗೆ ಹೋಗುತ್ತ ದಾರಿಯುದ್ದಕ್ಕೂ ಅವಳಿಗೆ ಹೇಳಬಹುದಾದ ಮೆತ್ತನೆಯ ಮಾತುಗಳನ್ನು ಹುಡುಕಿದೆ. ವಾರಕ್ಕೊಂದು ದಿನ ಸೂಟಿ ಮಾಡು, ಇನ್ನೊಬ್ಬ ಆಳು ಇಟ್ಟುಕೋ. ಒಂದೊಂದೂ ಹಾರಿಕೆಯ ಮಾತು. ಅವಳು ಕೇಳಿದ್ದು ಸೂಟಿಯನ್ನಲ್ಲ.

ಮನೆ ಬಾಗಿಲು ತೆಗೆಯುವಷ್ಟರಲ್ಲಿ ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು. ನನ್ನ ಹೊಟ್ಟೆಯ ಚಿಂತೆಗೆ ಅವಳ ಉತ್ತರವನ್ನು ಬಾಗಿಸಿದರೆ ಗುರುಪಾದನಿಗೂ ನನಗೂ ಏನು ವ್ಯತ್ಯಾಸ? ಮೂರು ದಿನವೂ ಬೇಡ, ಮೂರು ತಾಸೂ ಬೇಡ ಎಂದು ಕೂತು ಬರೆದೆ. "ಆರಿಸಬಹುದು. ತಪ್ಪಿಲ್ಲ. ಕಾರಣ ಬೇಕಿಲ್ಲ." ಒತ್ತಿದೆ. ಹೋಗಲಿಲ್ಲ. ಮತ್ತೆ ಒತ್ತಿದೆ. ಪರದೆಯ ಮೇಲೆ, ನಿಮಗೆ ಉತ್ತರಿಸುವ ಅನುಮತಿ ಇಲ್ಲ ಎಂದು ಬಂತು.

ಕಚೇರಿಗೆ ಹೋದೆ. ಗುರುಪಾದ ಎದ್ದು ನಿಂತು ಕುರ್ಚಿ ತೋರಿಸಿದ. "ಕುಂದರ್ರಿ ಇಂದುಮತಿಯವರ. ನೋಡ್ರಿ ಇಲ್ಲಿ, ನಿಮ್ಮ ಹಂಚಿನ ಲೇಖನ ಎಷ್ಟು ಮಂದಿ ನೋಡ್ಯಾರ! ಇಡೀ ಊರು ಆ ಹೆಣಮಗಳ ಉತ್ತರಕ್ಕ ಕಾಯಾಕತ್ತೈತಿ. ಉತ್ತರ ಬಂದ್ರ ಕಥಿ ಮುಗೀತು. ಅದಕ್ಕ ನೀವು ಉತ್ತರ ಹಾಕೂ ಬೀಗದಕೈ ನನ್ನ ಕಡೆ ಇಟಗೊಂಡೀನಿ."

"ಆಕಿ ಮನೀ ಅಡಗಿ ಸಪ್ಪೆ ಆಗೇತಿ. ಆಕಿ ಮಂದಿ ಬಾಯಾಗ ಸಿಕ್ಕಾಳ. ಸೊಸಿ ಬೈಸಿಕೋಳಾಕತ್ತಾಳ."

"ಯಾರಂತ ನಿಮಗ ಗೊತ್ತಾಗೈತೇನು!" ಅವನ ಕಣ್ಣು ಅಗಲವಾದವು. "ಹೇಳ್ರಿ ಮತ್ತ, ಫೋಟೋ ಸಮೇತ ಹಾಕೂಣು."

ನನ್ನ ಮೈಯೆಲ್ಲ ಉರಿಯಿತು. "ನಿಮ್ಮಂಥವರಿಗೆ ಹೇಳೂದಕ್ಕಿಂತ ನಾಲಿಗಿ ಕೊಯ್ಕೊಳ್ಳೂದು ಪಾಡ," ಎಂದು ಎದ್ದು ಬಂದೆ. ಹಿಂದಿನಿಂದ ಅವನು ಮೆಲ್ಲಗೆ, ಬೇಸರ ಮಾಡ್ಕೋಬ್ಯಾಡ್ರಿ ಎನ್ನುತ್ತಲೇ ಇದ್ದ.

ಆದರೆ ಅವನ ಆಟ ಅಷ್ಟಕ್ಕೇ ಮುಗಿಯಲಿಲ್ಲ. ಮೂರು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಪುಟ ತೆಗೆದರೆ ನನ್ನ ಹೆಸರಿನಲ್ಲಿ, ನನ್ನದೇ ಪುಟ್ಟ ಚಿತ್ರದ ಪಕ್ಕದಲ್ಲಿ, ಉತ್ತರ ಕೂತಿತ್ತು. "ಪ್ರೀತಿಯ ತಾಯಿ, ಅನ್ನದಾನಕ್ಕಿಂತ ದೊಡ್ಡ ದಾನವಿಲ್ಲ. ಹಸಿದವರ ಹರಕೆ ನಿಮ್ಮನ್ನು ಕಾಯುತ್ತದೆ. ದಯವಿಟ್ಟು ಒಲೆ ಆರಿಸಬೇಡಿ. ಇಂತಿ ನಿಮ್ಮ ಇಂದಕ್ಕ." ಕೆಳಗೆ ಸಾಲು ಸಾಲು ಹೃದಯದ ಗುರುತುಗಳು, ಕೈಮುಗಿದ ಗುರುತುಗಳು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದಂತಾಯಿತು. ಅವನಿಗೆ ಇನ್ನಷ್ಟು ಜನ ಬೇಕಿತ್ತು, ಅದಕ್ಕೆ ನನ್ನ ಹೆಸರು ಬೇಕಾಯಿತು. ನಾನು ಇಷ್ಟು ವರ್ಷ ಒಬ್ಬರ ಉಪ್ಪನ್ನೂ ಕೆಡಿಸದೆ ಕಾಪಾಡಿಕೊಂಡ ಹೆಸರು! ಚಹಾದ ಲೋಟ ಕುಕ್ಕಿದ ರಭಸಕ್ಕೆ ಚಹಾ ನೆಲಕ್ಕೆಲ್ಲ ಚೆಲ್ಲಿತು. ಅದನ್ನು ಹಾಗೆಯೇ ಬಿಟ್ಟು ಚಪ್ಪಲಿ ಮೆಟ್ಟಿ ಹೊರಟೆ.

ಖಾನಾವಳಿ ತುಂಬಿತ್ತು. ಉತ್ತರ ಬಂದಿದೆಯೆಂದು, ಇಲ್ಲಿಯ ಸಪ್ಪೆಗೂ ಅದಕ್ಕೂ ಸಂಬಂಧವಿದೆಯೋ ಇಲ್ಲವೋ ಗೊತ್ತಿಲ್ಲದೆಯೇ, ಎಲ್ಲರೂ ಒಂದಾಸೆಯಿಂದ ಬಂದು ಕೂತಿದ್ದರು. ಮೊದಲ ತುತ್ತಿಗೇ ಮುಖಗಳು ಹುಳ್ಳಗಾದವು. ಇನ್ನೂ ಸಪ್ಪೆಯೇ. ಕಲ್ಮೇಶಿ ತಾಟು ನೂಕಿದ. "ನಾಳಿಂದ ನಾ ಸ್ಟ್ಯಾಂಡಿನ ಹೋಟೆಲಿಗೆ ಹೊಂಟೆ ನೋಡವ್ವಾ." ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ನೀಲಗಂಗವ್ವನ ಕೈ ಒಂದು ಗಳಿಗೆ ನಿಂತು ಮತ್ತೆ ನಡೆಯಿತು. ಮೊಬೈಲು ಅವಳ ಹಿಟ್ಟಿನ ಡಬ್ಬಿಯ ಮೇಲಿತ್ತು. ನನ್ನ ಹೆಸರಿನ ಆ ಉತ್ತರವನ್ನು ಅವಳು ಓದಿದ್ದಳು, ಅದು ಮನಸ್ಸಿನ ಮಾತಲ್ಲವೆಂದು ಅವಳ ಸಾರೇ ಅವಳಿಗೆ ಹೇಳಿರಬೇಕು. ಆದರೂ ಬೇರೆ ಉತ್ತರ ಬಂದಿರಲಿಲ್ಲ. ಬಾರದ ಉತ್ತರವನ್ನು ಕಾಯುತ್ತ ಆಕೆ ರೊಟ್ಟಿ ಬಡಿಯುತ್ತಿದ್ದಳು.

ಮುಸುಕಿಗೆ ಕೈ ಹಾಕಬಾರದು ಎಂಬುದು ನನಗೆ ನೆನಪಿತ್ತು. ಅದಕ್ಕೇ ನಾನು ಅವಳ ಕಡೆ ತಿರುಗಲೂ ಇಲ್ಲ. ನನ್ನ ಜಾಗದಲ್ಲಿ ಕೂತು, ಸಾರು ಕಲಸಿದ ಅನ್ನದ ತುತ್ತು ಕೈಯಲ್ಲಿ ಹಿಡಿದು, ಇಡೀ ಸಾಲಿಗೆ ಕೇಳುವಂತೆ ಮಾತಾಡಿದೆ.

"ಎಲ್ಲಾರೂ ಸ್ವಲ್ಪ ಕೇಳ್ರಿ. ಹಂಚಿನ ಲೇಖನದ ಕೆಳಗ ನನ್ನ ಹೆಸರಿನ ಮ್ಯಾಲೆ ಬಂದ ಉತ್ತರ ನಂದಲ್ಲ. ಅದನ್ನ ಬರದವರ ಮಾರಿಗೆ ನನ್ನ ಚಪ್ಪಲಿ. ಕೇಳಿದಾಕಿ ಯಾರಂತ ನಂಗೊತ್ತಿಲ್ಲ, ಎಲ್ಲೇ ಇರಲಿ, ಆಕಿಗೆ ಮುಟ್ಟಲಿ. ನನ್ನ ಉತ್ತರ ಇಷ್ಟ. ಒಲಿ ನಿಂದು, ಕೈ ನಿಂದು. ಮೂವತ್ತು ವರ್ಷ ಉಣಿಸಿದ್ದು ಮುಂದೂ ಉಣಿಸ್ತೀನಂತ ಬರಕೊಟ್ಟಂಗಲ್ಲ. ಜಡ್ಡು ಬರೂಮಟಾ ಕಾಯಬ್ಯಾಡ. ಸಾಕಾಗೈತಿ ಅನ್ನೂದ ಸಾಕು, ಬ್ಯಾರೆ ಕಾರಣ ಯಾರಿಗೂ ಕೊಡಬ್ಯಾಡ. ಆರಿಸು. ನಿನ್ನಂಥವರ ಅಡಗಿ ತಪ್ಪಿದ್ರ ನನ್ನಂಥಾಕಿಗೆ ಹೊಟ್ಟಿಗೆ ಕಷ್ಟ ಐತಿ, ಆದ್ರೂ ಹೇಳ್ತೀನಿ, ಆರಿಸು."

ಹೇಳಿ ತುತ್ತು ಬಾಯಿಗಿಟ್ಟೆ. ಉಪ್ಪು! ನಾಲಿಗೆಯ ತುದಿಯಿಂದ ಕಿವಿಯ ಬುಡದವರೆಗೆ ಉಪ್ಪು, ಹುಳಿ, ಖಾರ. ಸಾಲಿನುದ್ದಕ್ಕೂ "ಆಹಾ" ಎಂಬ ಸದ್ದು ಎದ್ದಿತು. ಯಾರೋ ನಕ್ಕರು, ಯಾರೋ ಇನ್ನೆರಡು ರೊಟ್ಟಿ ಎಂದು ಕೂಗಿದರು. ಮರುಗಳಿಗೆ ಎಲ್ಲರೂ ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡಿದರು. ಆಗ ನನಗೆ ನಾನು ಮಾಡಿದ್ದೇನೆಂದು ಹೊಳೆಯಿತು. ಬಾಯಿಗೆ ಹೆಸರು ತರದೆ ಮುಸುಕು ಕಾಯ್ದೆನೆಂದು ನಾನು ಬೀಗುತ್ತಿದ್ದೆ. ಉಪ್ಪು ಬಂದದ್ದು ಯಾರ ಮನೆಗೆ ಎಂಬುದನ್ನು ಅರವತ್ತು ಬಾಯಿಗಳು ಒಟ್ಟಿಗೆ ತಿಳಿದಿದ್ದವು. ಈ ಊರಿನಲ್ಲೇ ಹುಟ್ಟಿ ಬೆಳೆದು ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡೆ.

"ಅಂದ್ರ," ಎಂದ ಕಲ್ಮೇಶಿ, ನಿಧಾನವಾಗಿ ಒಲೆಯ ಕಡೆ ತಿರುಗಿ, "ಕೇಳಿದಾಕಿ ನೀನೇನವ್ವಾ?"

ನೀಲಗಂಗವ್ವ ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೆಳಗಿಟ್ಟು ಎದ್ದು ನಿಂತಳು. ತಲೆ ಎತ್ತಿದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು, ಹೊಸದಾಗಿ ಊರಿಗೆ ಬಂದವರು ನೋಡುವ ಹಾಗೆ. "ಹೌದಪಾ, ನಾನ," ಎಂದಳು. "ನಿನಗ ಮೀಸಿ ಬೆಳ್ಳಗಾಗ್ಯಾವಲ್ಲೋ ಕಲ್ಮೇಶಿ. ಯಾವಾಗ ಆದೂವು?"

ಅವನು ಮೀಸೆ ಮುಟ್ಟಿ ನೋಡಿಕೊಂಡ. ಉಳಿದವರು ಮುಗಿಬಿದ್ದರು. ನಮ್ಮ ಗತಿ ಏನು, ಇಷ್ಟು ವರ್ಷದ ಋಣ ಏನಾಯಿತು, ಈ ಬರೆಯುವ ಹೆಂಗಸಿನ ಮಾತು ಕೇಳಿ ಮನೆ ಮುರಿದುಕೊಳ್ಳುತ್ತೀಯಾ ಎಂದು ಗದ್ದಲವೆದ್ದಿತು. ನಾನೂ ದನಿಯೇರಿಸಿದೆ. "ಋಣ ಯಾರದು ಯಾರ ಮ್ಯಾಲೈತಿ? ಉಪ್ಪುಂಡವರು ನೀವು! ಆಕಿ ಉಂಡಾಳೋ ಇಲ್ಲೋ ಅಂತ ಒಬ್ಬರಾರ ಒಂದ ದಿನ ಕೇಳೀರೇನು?" ಗದ್ದಲ ತುಸು ತಗ್ಗಿತು. ಒಬ್ಬ ಮಾತ್ರ ಬಿಡಲಿಲ್ಲ. "ಆಕಿ ಕುಂದರಲಿ ಬಿಡ್ರಿ, ಸೊಸಿ ನಡಸ್ತಾಳ. ಹೌದಿಲ್ಲೋ ಕಾಶವ್ವ?"

ವಾರವಿಡೀ ಬೈಸಿಕೊಂಡ ಕಾಶವ್ವ ಸಾರಿನ ಬಕೆಟ್ಟನ್ನು ನೆಲಕ್ಕೆ ಕುಕ್ಕಿದಳು. "ನನ್ನನ್ನ ಯಾರು ಕೇಳೀರಿ?" ಎಂದಳು. "ಈ ಹಾಳ ಖಾನಾವಳಿ ಬ್ಯಾಡಂತ ನಾ ಮದವಿ ಆಗಿ ಬಂದ ದಿನದಿಂದ ಅನ್ನಾಕತ್ತೀನಿ." ಒಳಗೆ ಹೋಗಿ ತುಂಬಿದ ಕೊಡ ತಂದು ಅತ್ತೆಯ ಕೈಗೆ ಕೊಟ್ಟಳು. ನೀಲಗಂಗವ್ವ ಉರಿಯುವ ಕಟ್ಟಿಗೆಗಳನ್ನು ಹೊರಗೆಳೆದು, ಕೊಡ ಬಗ್ಗಿಸಿದಳು. ಚುಂಯ್ ಎಂದು ಹೊಗೆ ಎದ್ದು ಎಲ್ಲರ ಕಣ್ಣಿಗೂ ತುಂಬಿತು. ಕೊನೆಗೆ ಎಲ್ಲರೂ ತಾಟಿನಲ್ಲಿದ್ದುದನ್ನು ಒಂದಗುಳೂ ಬಿಡದೆ ಉಂಡು, ಒಬ್ಬೊಬ್ಬರಾಗಿ ಕೈ ತೊಳೆದು ಹೋದರು. ಬಯ್ಯುವುದಿದ್ದರೂ ಆ ಊಟ ಬಿಟ್ಟು ಏಳಲು ಯಾರಿಂದಲೂ ಆಗಲಿಲ್ಲ.

ನನ್ನನ್ನು ಊರಗನ್ನಡಿಯಿಂದ ತೆಗೆದರು. ತೆಗೆಯಲಿ. ಊರಿನಲ್ಲಿ ಅರ್ಧ ಜನ ಖಾನಾವಳಿ ಮುಚ್ಚಿಸಿದವಳೆಂದು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಉಳಿದರ್ಧ ಮಾತ್ರ ಮೆಲ್ಲಗೆ ನನ್ನ ಕಟ್ಟೆಯ ಮೇಲೆ ಬಂದು ಕೂರತೊಡಗಿದರು. ಪುಟದಲ್ಲಿ ಕೇಳಿದರೆ ಯಾರು ಉತ್ತರ ಕೊಡುತ್ತಾರೋ ಯಾರ ಹೆಸರಿನಲ್ಲಿ ಕೊಡುತ್ತಾರೋ ಎಂಬ ಭಯ ಊರಿಗೆಲ್ಲ ಹಬ್ಬಿತ್ತು. ಕಲೆಯ ಸೀರೆ ಹಿಡಿದು, ಹುಳದ ಬೇಳೆ ಹಿಡಿದು ನೇರವಾಗಿ ಬಂದು ಕೇಳುತ್ತಿದ್ದರು, ಉತ್ತರ ಪಡೆದು ಒಲೆ ಹಚ್ಚಲು ಓಡುತ್ತಿದ್ದರು. "ಇದಕ್ಕೆ ಆಧಾರವೇನು" ಎನ್ನುವ ಮಹಾಶಯನೂ ಬಂದ. ಬಡಕಲು ಮನುಷ್ಯ, ಪಾಪ. ನಾನು ಒಲೆ ಹಚ್ಚುವುದನ್ನು ಕಲಿಯುತ್ತಿದ್ದೆ. ಎರಡು ಹಂಚು ಸುಟ್ಟೆ, ಕೈಯನ್ನೂ ಸುಟ್ಟುಕೊಂಡೆ.

ಸ್ವಲ್ಪ ಕೈ ಕೂಡಿತೆನ್ನಿಸಿದ ದಿನ ನೀಲಗಂಗವ್ವನನ್ನು ಊಟಕ್ಕೆ ಕರೆದೆ. ಏಳಬೇಡ, ಬಡಿಸಲು ಬರಬೇಡ ಎಂದು ಗದರಿಸಿ ಮಣೆಯ ಮೇಲೆ ಕೂರಿಸಿದೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಅವಳು ಸೆರಗು ಹಿಂಡುತ್ತಿದ್ದಳು. ಆಗಲೇ ಮೊಬೈಲು ಬಡಿದುಕೊಂಡಿತು. ಗುರುಪಾದ. ಅವನ ದನಿಯಲ್ಲಿ ಸಕ್ಕರೆ ಇರಲಿಲ್ಲ.

"ಇಂದುಮತಿಯವರ, ಪುಟದಾಗ ಒಂದು ಪ್ರಶ್ನಿ ಬರವಲ್ತು. ಎಲ್ಲಾ ಬಿಕೋ ಅನ್ನಾಕತ್ತೈತಿ. ನಿಮ್ಮ ಕೈಯಾಗ ಬೀಗದಕೈ ಕೊಡ್ತೀನಿ, ಯಾವ ನೇಮಾನೂ ಇಲ್ಲ. ತಿರುಗಿ ಬರ್ತೀರೇನ್ರಿ?"

ಅವನು ಮನಸ್ಸಿಟ್ಟೇ ಕೇಳಿದ್ದ, ಬಹುಶಃ ಹುಟ್ಟಿದ ಮೇಲೆ ಮೊದಲ ಸಲ. ಬರುವುದಿಲ್ಲ ಎಂಬ ಉತ್ತರ ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಅವನ ಮನೆಯಲ್ಲಿ ಆ ಹೊತ್ತಿಗೆ ತಾಟು ಹಾಕುತ್ತಿದ್ದರೇನೋ, ಹಿಂದೆ ಪಾತ್ರೆಯ ಸದ್ದು ಕೇಳುತ್ತಿತ್ತು.

"ಮೂರು ದಿನ ತಡೀರಿ," ಎಂದು ಮೊಬೈಲು ಬೋರಲು ಹಾಕಿ, ತಾಟಿಗೆ ರೊಟ್ಟಿ ಬಡಿಸಿ ಪಲ್ಯ ಹಾಕಿದೆ.

ನೀಲಗಂಗವ್ವ ತುತ್ತು ಮುರಿದು ಬಾಯಿಗಿಟ್ಟಳು. ಕಣ್ಣು ಮುಚ್ಚಿ ಅಗಿದಳು. ನಾನು ಸೌಟು ಹಿಡಿದೇ ನಿಂತಿದ್ದೆ. ಅವಳ ಹುಬ್ಬು ಗಂಟಿಕ್ಕಿತು.

"ಉಪ್ಪು ಜಾಸ್ತಿ ಆಗೇತ್ರಿ ಅಕ್ಕಾರ," ಎಂದಳು, ನನ್ನ ಮುಖವನ್ನೇ ನೋಡುತ್ತ. ಆಮೇಲೆ ತಾಟು ಮುಂದೆ ಚಾಚಿದಳು. "ಇನ್ನೊಂದೀಟು ಹಾಕ್ರಿ."